ಭಾರ ಹೊತ್ತ ಅಂಚು

ಮೊಹಿನುರ್ ಬಟ್ಟಲು ತುಳುಕುವಷ್ಟು ಟೀ ತುಂಬಿಸಿ ಬೆಹ್ರೂಜ್‌ನ ಮುಂದಿಟ್ಟಳು. ಬುಖಾರಾದಲ್ಲಿ ಅದಕ್ಕೆ ಒಂದೇ ಅರ್ಥ: ಕುಡಿದು ಹೊರಡಿ. ಉಳಿಯಲಿ ಅನ್ನಿಸಿದವರಿಗೆ ಸುರಿಯುವುದು ಗುಟುಕಷ್ಟೇ. ಅವಳ ಅಪ್ಪನ ಟೀ ಅಂಗಡಿಯ, ಆ ಚಾಯ್‌ಖಾನಾದ, ಹಳೆಯ ಗೋಡೆಯನ್ನು ಕೆಡವಬೇಕೆಂದು ಬೆಳಿಗ್ಗೆಯಷ್ಟೇ ಹೇಳಿದ್ದ ಎಂಜಿನಿಯರ್ ಅವನು.

ಅವನು ಕುಡಿದು ಮುಗಿಸಿ ಬಟ್ಟಲನ್ನು ಮತ್ತೆ ಚಾಚಿದ. "ಬೈಗುಳ ರುಚಿಯಾಗಿದೆ. ಇನ್ನೊಂದು ಹಾಕಿ."

ಬಂದ ನಗುವನ್ನು ಅವಳು ನುಂಗಿಕೊಂಡಳು. "ಎಂಜಿನಿಯರ್ ಸಾಹೇಬ್ರೇ, ನಾನೂ ಅದನ್ನೇ ಓದಿದೋಳು. ನೀವು ಇಟ್ಟಿಗೆನ ಸಮವಾಗಿ ಒತ್ತಿ ಶಕ್ತಿ ಅಳೆದ್ರಿ. ಇಲ್ಲಿ ಛಾವಣಿ ಕೂತಿರೋದು ಗೋಡೆಯ ಒಂದೇ ಅಂಚಿನ ಮೇಲೆ."

"ಅದಕ್ಕೇ ಆ ಅಂಚು ಪುಡಿಯಾಗುತ್ತೆ."

"ಅಷ್ಟು ಬೇಗ ಆಗಲ್ಲ. ಅದರ ಪಕ್ಕದ ಇಟ್ಟಿಗೆಗೆ ಭಾರ ಕಡಿಮೆ. ಅದು ಈ ಅಂಚನ್ನ ಕುಸಿಯೋಕೆ ಬಿಡಲ್ಲ. ಎಲ್ಲರೂ ಒಟ್ಟಿಗೇ ಸುಸ್ತಾದ್ರೆ ತಾನೇ ಹಿಡ್ಕೊಳ್ಳೋರು ಇಲ್ದಂಗಾಗೋದು?"

ಅವನ ನೋಟ ಅವಳ ಮುಖದ ಮೇಲೆ ತುಸು ಹೆಚ್ಚೇ ಹೊತ್ತು ನಿಂತಿತು. "ನನ್ನ ಲ್ಯಾಬಲ್ಲಿ ಒತ್ತಿ ತೋರಿಸಿ. ಅಲ್ಲೀವರೆಗೂ ಯಾರೂ ಗೋಡೆ ಮುಟ್ಟಲ್ಲ."

ತಿಂಗಳು ಕಳೆದು ಅವಳು ಲ್ಯಾಬಿಗೆ ಹೋದಾಗ ಅಲ್ಲಿ ಹಳೆಯ ಇಟ್ಟಿಗೆಯ ಮೂರು ಪುಟ್ಟ ಕಂಬಗಳಿದ್ದವು. ಅವನೇ ಕಟ್ಟಿದ್ದ, ಗಾರೆಯ ಸುಣ್ಣ ತಾಗಿ ಅವನ ಬೆರಳುಗಳು ಒಡೆದಿದ್ದವು.

"ಒಂದು ಸಾಕಿತ್ತಲ್ಲ?"

"ಒಂದಾದ್ರೆ ಅದೃಷ್ಟ ಅಂತಾರೆ. ನೀವು ಗೆದ್ರೆ ಯಾರೂ ಅನುಮಾನ ಪಡಬಾರದು."

ಅವಳು ಮೊದಲ ಕಂಬವನ್ನು ಒತ್ತುವ ಯಂತ್ರದಡಿ ಇಡಲು ಕೈಜೋಡಿಸಿದಳು.

ಯಂತ್ರದ ಡಯಲ್ ಮೇಲೆ ಎರಡು ಗುರುತುಗಳು. ಕಂಬ ಒಡೆಯುತ್ತದೆಂದು ಅವನ ಲೆಕ್ಕ ಹೇಳಿದ ಕಡೆ ಕೆಂಪು. ಗೋಡೆ ಉಳಿಯಬೇಕಾದರೆ ದಾಟಬೇಕಾದ ಕಡೆ ಹಸಿರು. ಒಂದಂಚಿಗೆ ಭಾರ ಬೀಳುವಂತೆ ಒತ್ತತೊಡಗಿದರು. ಮುಳ್ಳು ಕೆಂಪನ್ನು ಮುಟ್ಟಿತು. ಮೊಹಿನುರ್ ಡಯಲ್ ಕಡೆಗೆ ಬಾಗಿದಳು.

"ಏರ್ತಾ ಇದೆ! ಇನ್ನೂ ಏರ್ತಾ ಇದೆ!" ಹೀಗೆ ಕೂಗಿದವನು ಬೆಹ್ರೂಜ್.

ಹಸಿರು ದಾಟಿದ ಮೇಲೆಯೇ ಇಟ್ಟಿಗೆ ಸಿಡಿಯಿತು. ಉಳಿದೆರಡೂ ಹಾಗೆಯೇ.

"ಸೋತಿದ್ದಕ್ಕೆ ಇಷ್ಟೊಂದು ಖುಷಿನಾ?"

"ಜೀವಮಾನದಲ್ಲೇ ಇಷ್ಟು ಖುಷಿಯಾಗಿ ಸೋತಿಲ್ಲ."

ಸಂಜೆ ಚಾಯ್‌ಖಾನಾದಲ್ಲಿ ಕೇರಿಗೆ ಕೇರಿಯೇ ಸೇರಿತ್ತು. ಉಳಿದುಕೊಂಡ ಆ ಗೋಡೆಗೆ ಒರಗಿ ಬೆಹ್ರೂಜ್ ಮೆಲ್ಲಗೆ ಹೇಳಿದ: "ಮೊಹಿನುರ್, ಯಾವತ್ತು ಭಾರ ನಿಮ್ಮ ಕಡೆ ಬೀಳುತ್ತೋ ಅವತ್ತು ಪಕ್ಕದಲ್ಲಿ ನಾನಿರ್ತೀನಿ. ಮದುವೆ ನಿಶ್ಚಯದ ರೊಟ್ಟಿ ಮುರಿಯೋಕೆ ನಿಮ್ಮನೆಗೆ ಅಮ್ಮನ್ನ ಕಳಿಸ್ಲಾ?"

ಅವಳು ಟೀ ಬಗ್ಗಿಸಿದಳು. ಬಟ್ಟಲಿನ ತಳದಲ್ಲಿ ಒಂದೇ ಗುಟುಕು.

"ಇಷ್ಟೇನಾ?"

"ಇಷ್ಟೇ. ಮತ್ತೆ ಮತ್ತೆ ಕೈ ಚಾಚ್ಬೇಕಲ್ಲ ನೀವು!"

ಬಟ್ಟಲನ್ನು ಇಣುಕಿ ನೋಡಿದ ಅಪ್ಪ ಎಲ್ಲರಿಗೂ ಕೇಳುವಂತೆ ಕೂಗಿದರು: "ಗೋಡೆ ಉಳೀತು ಕಣ್ರಪ್ಪಾ, ಮಗಳು ಹೋದ್ಲು!"