ಸೂರು ಹಿಡಿದ ಪಟ್ಟಿಗಳು

"ನಲವತ್ತು ವರ್ಷದ ನನ್ನ ಕೈಗೆಲಸವನ್ನ ಈ ತಗಡಿನ ಪಟ್ಟಿ ಕಾಯಬೇಕಾ?"

ಮಾವ ಅದನ್ನು ಅಂಗಳಕ್ಕೆ ಎಸೆದ ಸದ್ದಿಗೆ ತೊಟ್ಟಿಲ ಕೂಸು ಬೆಚ್ಚಿ ಅತ್ತಿತು. ಆ ಪಟ್ಟಿಯನ್ನು ತಂದು ತೋರಿಸಿದವಳು ಸೊಸೆ. ಆ ಕಡಲತೀರದಲ್ಲೇ ಹೆಸರಾದ ಬಡಗಿ ಅವರು. ಮದುವೆಯಾಗಿ ಬಂದ ಎರಡು ವರ್ಷದಲ್ಲಿ ಅವರೆದುರು ಅವಳು ತಾನಾಗಿ ಆಡಿದ ಮೊದಲ ಮಾತೇ ಹೀಗಾಗಬೇಕೆ...

"ಮಾವ, ಬಿರುಗಾಳಿ ಸೂರನ್ನ ಮೇಲಕ್ಕೆ ಎಳೆಯುತ್ತೆ. ಮೊಳೆ ಸಾಲದು, ಇಂಥ ಪಟ್ಟಿಯಿಂದ ತೊಲೆಯನ್ನ ಗೋಡೆಗೆ ಕಟ್ಟಬೇಕು. ಬರೀ ಕಬ್ಬಿಣವಾದ್ರೆ ಉಪ್ಪುಗಾಳಿ ತಿಂದುಹಾಕುತ್ತೆ. ಸತುವಿನ ಲೇಪ ಇರೋದೇ ಬೇಕು."

"ಮೀನಿಗೆ ಈಜು ಕಲಿಸೋಕೆ ಬಂದಳು ನೋಡಿ," ಎಂದರು ಅತ್ತೆ.

ಅವಳು ಪಟ್ಟಿಯನ್ನು ಹೆಕ್ಕಿಕೊಂಡು ಒಳಗೆ ಹೋದಳು. ಚಿಕ್ಕಂದಿನಲ್ಲಿ ತವರಿನ ಸೂರು ಎದ್ದುಹೋದದ್ದನ್ನು ಅಮ್ಮನ ತೋಳಡಿಯಿಂದ ಕಂಡವಳು.

ನಾಲ್ಕನೆಯ ದಿನ ಚಂಡಮಾರುತದ ಎಚ್ಚರಿಕೆ ಬಂತು. ಅಂಗಡಿಗಳಲ್ಲಿ ಪಟ್ಟಿ ಮುಗಿದಿತ್ತು. ಗಂಡ ಬರಿಗೈಯಲ್ಲಿ ಮರಳಿದ. ಮಾವ ಮಾತ್ರ ದಿನವಿಡೀ ಮಗ-ಸೊಸೆಗೆಂದು ಕಟ್ಟಿದ ಹೊಸ ಕೋಣೆಯ ಸೂರಿನಡಿ ಏನನ್ನೋ ಬಡಿಯುತ್ತಿದ್ದರು. ಕೇಳಿದರೆ, "ಸೋರುತ್ತಾ ನೋಡ್ತಿದೀನಿ," ಎಂದಷ್ಟೇ.

ಮರುದಿನ ಬೆಳಿಗ್ಗೆ ಕಡಲೇ ಎದ್ದು ನಿಂತಂತಾಯಿತು. ಎಲ್ಲರೂ ಹೊಸ ಕೋಣೆಯಲ್ಲಿ ಮುದುಡಿ ಕೂತರು. ಸೂರು ದೀರ್ಘವಾಗಿ ಉಸಿರೆಳೆದುಕೊಂಡಂತೆ ಮೇಲಕ್ಕೆ ಜಗ್ಗಿತು, ತೊಲೆಗಳು ನರಳಿದವು... ಕೂಸನ್ನು ಎದೆಗವಚಿಕೊಂಡು ಅವಳು ಕಣ್ಣು ಮುಚ್ಚಿದಳು. ಸೂರು ಮತ್ತೆ ಕೂತಿತು. ಕಿಟಕಿಗೆ ಬಡಿದ ಹಲಗೆಗಳ ಸಂದಿಯಿಂದ ನೋಡಿದರೆ, ಮಾವನ ಮರಗೆಲಸದ ಶೆಡ್ಡಿನ ಸೂರು ಪಾತ್ರೆಯ ಮುಚ್ಚಳ ತೆಗೆದಷ್ಟು ಸಲೀಸಾಗಿ ಎದ್ದು ಬಾನಿನಲ್ಲಿ ಮರೆಯಾಯಿತು. ಅಷ್ಟು ಭಯದಲ್ಲೂ ಅವಳು ಕಣ್ಣು ಕೀಳಲಾರದೆ ಹೋದಳು. ಮಾವ ಅತ್ತ ತಿರುಗಿಯೂ ನೋಡಲಿಲ್ಲ.

ಗಾಳಿ ನಿಂತ ಮೇಲೆ, ಸೂರಿನ ಕೆಳಗೆ ಹೊದಿಸಿದ್ದ ಹಲಗೆಗಳಲ್ಲಿ ಸರಿದ ಒಂದನ್ನು ಕೂರಿಸಲು ಏಣಿ ಹತ್ತಿದವಳು ಹಾಗೇ ನಿಂತುಬಿಟ್ಟಳು. ಪ್ರತಿ ತೊಲೆಯನ್ನೂ ಗೋಡೆಗೆ ಬಿಗಿದ ಪಟ್ಟಿಗಳು! ಒಂದಕ್ಕೂ ತುಕ್ಕಿಲ್ಲ. ಅಂಚಿನಲ್ಲಿ ಶೆಡ್ಡಿನ ತೊಲೆಗಳ ಹಸಿರು ಬಣ್ಣ ಅಂಟಿಕೊಂಡಿತ್ತು.

"ಮಾವ... ಇವು ಶೆಡ್ಡಿನವು."

"ಹಿಂದೊಂದು ಸಲ ಅದರ ಸೂರು ಹಾರಿತ್ತು. ಆಮೇಲೆ ಈ ಪಟ್ಟಿ ಬಿಗಿದಿದ್ದೆ. ಬಡಗಿಯ ಶೆಡ್ಡೇ ಹಾರಿತು ಅಂತ ಹೇಳ್ಕೊಳ್ಳೋಕೆ ನಾಚಿಕೆಯಮ್ಮ."

"ನಿಮ್ಮ ಶೆಡ್ಡು ಹೋಯ್ತಲ್ಲ ಮಾವ..."

"ಶೆಡ್ಡಲ್ಲಿ ತೊಟ್ಟಿಲು ಇರಲಿಲ್ಲ."

ಅತ್ತೆ ತೊಟ್ಟಿಲಿಂದ ಕೂಸನ್ನು ಮೆಲ್ಲನೆ ಎತ್ತಿಕೊಂಡು ಮುಖ ತಿರುಗಿಸಿದರು.

ಮಾವ ಒದ್ದೆ ಸುತ್ತಿಗೆಯನ್ನು ಒರೆಸಿ, ಯಾರಿಗೂ ಮುಟ್ಟಗೊಡದ ಅದನ್ನು ಅವಳತ್ತ ಚಾಚಿದರು.

"ಶೆಡ್ಡಿಗೆ ಹೊಸ ಪಟ್ಟಿ ನೀನೇ ಆರಿಸು. ಈಗ ಈ ಹಲಗೆ ಬಡಿ. ಏಣಿ ನಾನು ಹಿಡ್ಕೋತೀನಿ."