ಎದೆಮಟ್ಟದ ನೀರಿನಲ್ಲಿ ಮಾತು

"ಕಂಬಿ ಬಿಡಿ."

"ಬಿಡಲ್ಲ."

ಈಜುಕೊಳದ ಎದೆಮಟ್ಟದ ನೀರಿನಲ್ಲಿ ನಿಂತು ಅವಳು ಏಣಿಯ ಕಂಬಿಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದಿದ್ದಳು. ದಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ತರಬೇತಿಯ ಮೇಷ್ಟ್ರು ಅವಸರ ಮಾಡಲಿಲ್ಲ.

"ಸರಿ, ಹಿಡ್ಕೊಂಡೇ ಮಾತಾಡಿ. ನೀರು ಕಂಡ್ರೆ ಭಯಾನಾ?"

"ನೀರಲ್ಲ... ಉಸಿರು. ಅದು ನಿಂತುಬಿಟ್ರೆ ಅಂತ."

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಹೆತ್ತ ತಾಯಿಗೂ ಹೇಳದ ಮಾತು ಗುರುತು ಪರಿಚಯವಿಲ್ಲದವನ ಮುಂದೆ ಬಾಯಿ ತಪ್ಪಿ ಬಂದಿತ್ತು.

ಅವಳು ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನ ಹೂ ಬಿಡಿಸುವವಳು. ಮನೆಯ ಮೆಟ್ಟಿಲು ಹತ್ತುತ್ತಾ ಏದುಸಿರು ಬಿಟ್ಟು ಕುಸಿದ ಅಪ್ಪ ಮತ್ತೆ ಏಳಲಿಲ್ಲ. ಅಂದಿನಿಂದ ಆ ಮೆಟ್ಟಿಲು ಕಂಡರೆ ಅವಳ ಎದೆ ಡವಡವ. ಹೃದಯ ಗಟ್ಟಿಯಾಗಲಿ ಎಂದು ಓಡಲು ಹೋಗಿ ಮಂಡಿ ಊದಿಸಿಕೊಂಡಳು. ಅತ್ತ ದರಿ, ಇತ್ತ ಪುಲಿ! ಕೊನೆಗೆ ಡಾಕ್ಟರೇ ಬೈದು ಕಳಿಸಿದ್ದರು: "ಓಡೋದು ಸಾಕು, ನೀರಲ್ಲಿ ನಡೀರಿ. ಹೃದಯಕ್ಕೆ ಕೆಲಸ ಸಿಗುತ್ತೆ, ಮಂಡಿ ಮೇಲೆ ಭಾರ ಬೀಳಲ್ಲ."

ಕೆಲವು ದಿನಗಳಲ್ಲಿ ಕಂಬಿ ಬಿಟ್ಟಳು. ಅವಳು ನೀರನ್ನು ತಳ್ಳುತ್ತಾ ನಡೆದರೆ, ಅವನು ದಡದ ಮೇಲೆ ಜೊತೆಗೇ ನಡೆಯುತ್ತಿದ್ದ.

"ಕೈ ಬೀಸಿ. ಮಂಡಿ ನೋವು ಬಂದ್ರೆ ತಕ್ಷಣ ನಿಲ್ಲಿ. ಊಟ ಆಯ್ತಾ? ಇವತ್ತು ಯಾವ ಹೂ ಬಿಡಿಸಿದ್ರಿ?"

ಅವಳು ಅಪ್ಪನ ಸಾವನ್ನು ಹೇಳಿಕೊಂಡಾಗ ಒಮ್ಮೆ ಮೆಲ್ಲಗೆ ಕೇಳಿದ್ದ: "ನಿಮ್ಮಪ್ಪ ಹೇಗೆ ನಗ್ತಿದ್ರು?"

ಅಪ್ಪ ಹೇಗೆ ಹೋದರು ಎಂದು ಎಲ್ಲರೂ ಕೇಳಿದ್ದರು, ಹೇಗೆ ನಗುತ್ತಿದ್ದರು ಎಂದು ಯಾರೂ ಕೇಳಿರಲಿಲ್ಲ. ಅಂದು ಅವಳು ನಡೆಯುತ್ತಲೇ ಅತ್ತಳು, ಅಳುತ್ತಲೇ ನಕ್ಕಳು. ಆಮೇಲೆ ಹೊಸದೊಂದು ಭಯ ಶುರುವಾಯಿತು. ನಾಳೆ ಇವನು ಏನೂ ಕೇಳದಿದ್ದರೆ...?

ಆ ಭಯಕ್ಕೆ ತುಪ್ಪ ಸುರಿದದ್ದು ದಿನಾ ಪಕ್ಕದಲ್ಲೇ ನೀರಲ್ಲಿ ನಡೆಯುತ್ತಿದ್ದ ಅಜ್ಜಿ.

"ಅಯ್ಯೋ, ಊಟ ಆಯ್ತಾ ಅಂತ ನನ್ನನ್ನೂ ಕೇಳ್ತಾನೆ ಕಣಮ್ಮ. ಸಲೀಸಾಗಿ ಮಾತು ಬಂದ್ರೆ ಉಸಿರು ಸರಿಯಿದೆ ಅಂತ. ಮಾತು ತುಂಡಾದ್ರೆ ನಿಧಾನ ಮಾಡಿಸ್ತಾನೆ. ಅದೇ ಅವನ ಮೀಟರು!"

ಅವಳು ನಡುನೀರಿನಲ್ಲೇ ನಿಂತಳು. ಹಾಗಾದರೆ ಇಷ್ಟು ದಿನ ಅವನು ಕೇಳಿಸಿಕೊಂಡದ್ದು ಬರೀ ನನ್ನ ಉಸಿರನ್ನಾ?

ಮರುದಿನ ಅವಳು ಮುಖ ತಿರುಗಿಸಿಕೊಂಡು ನಡೆದಳು.

"ಊಟ ಆಯ್ತಾ?"

ಅವಳು ನೀರನ್ನು ಇನ್ನೂ ಜೋರಾಗಿ ತಳ್ಳಿದಳು.

"ಮೇಡಂ, ಸುಸ್ತಾಯ್ತಾ? ಒಂದು ಮಾತಾಡಿ..."

ಅಳು ತಡೆಯಲು ತುಟಿ ಕಚ್ಚಿದಳು. ಭುಜ ನಡುಗಿತು.

ಧೊಪ್ಪನೆ ನೀರು ಚಿಮ್ಮಿತು. ಅವನು ಬೂಟು ಸಮೇತ ಹಾರಿದ್ದ! ಅವಳ ಮಣಿಕಟ್ಟು ಹಿಡಿದು ನಾಡಿ ಹುಡುಕತೊಡಗಿದ.

"ಎದೆ ನೋವಾ? ಉಸಿರು ಬರ್ತಿದೆಯಾ? ಹೇಳಿ..."

"ನಂಗೇನೂ ಆಗಿಲ್ಲ."

"ಮತ್ಯಾಕೆ ಮಾತಾಡ್ಲಿಲ್ಲ? ಜೀವ ಬಾಯಿಗೆ ಬಂತು ನಂಗೆ."

"ಎಲ್ಲರನ್ನೂ ಕೇಳೋದನ್ನೇ ನನ್ನನ್ನೂ ಕೇಳ್ತೀರಿ. ನಾನ್ಯಾಕೆ ಉತ್ತರ ಕೊಡ್ಲಿ?"

ಅವನು ಅಜ್ಜಿಯತ್ತ ಒಮ್ಮೆ ನೋಡಿದ. ಆಮೇಲೆ ತಲೆ ತಗ್ಗಿಸಿದ.

"ಉಸಿರು ನೋಡೋಕೆ ಊಟ ಆಯ್ತಾ ಅಂದ್ರೆ ಸಾಕು ಕಣ್ರೀ. ನಿಮ್ಮಪ್ಪನ ನಗು ಕೇಳಬೇಕಾಗಿರ್ಲಿಲ್ಲ. ಅದನ್ನ ಬೇರೆ ಯಾರನ್ನೂ ಕೇಳಿಲ್ಲ. ನೀವಂದ್ರೆ ನಂಗಿಷ್ಟ... ಹೇಳಿದ್ರೆ ಎಲ್ಲಿ ಬರೋದೇ ನಿಲ್ಲಿಸ್ತೀರೋ ಅಂತ ಭಯ."

ತನ್ನೊಬ್ಬಳಿಗೇ ಭಯ ಎಂದುಕೊಂಡಿದ್ದಳು ಪಾಪ.

"ಬೂಟು ಹಾಕ್ಕೊಂಡು ನೀರಿಗೆ ಇಳಿಬಾರದು ಅಂತ ಬೋರ್ಡು ಹಾಕಿದ್ದು ಯಾರಪ್ಪಾ?" ಅಜ್ಜಿ ಆಚೆಯಿಂದ ಕೂಗಿದರು.

ಅವನು ನಾಚಿ ದಡದತ್ತ ತಿರುಗಿದ. ಅವಳ ಮಣಿಕಟ್ಟು ಇನ್ನೂ ಅವನ ಕೈಯಲ್ಲೇ ಇತ್ತು.

"ಭಯ ಹೋಯ್ತಾ?" ಎಂದ ಅವನು.

"ಇಲ್ಲ."

"ಕೈ ಬಿಡ್ಲಾ?"

"ಬಿಡಬೇಡಿ," ಎಂದು ಅವಳು ಮುಂದಕ್ಕೆ ಹೆಜ್ಜೆ ಇಟ್ಟಳು. "ಹೀಗೇ ನಡೀರಿ. ಇವತ್ತು ಪ್ರಶ್ನೆ ಎಲ್ಲ ನಂದು. ಮೊದಲು ಹೇಳಿ, ಊಟ ಆಯ್ತಾ?"