ಬಾಲ ಕಳೆದುಕೊಂಡ ವಿಡಿಯೋ

2019ರ ಮೇ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಹತ್ತಕ್ಕೆ, ಧರೂರಿನ ಕುರಿಗಾರ ಬೀರಯ್ಯ ಗದ್ವಾಲ ಠಾಣೆಗೆ ಬಂದು ವಿಡಿಯೋ ಸ್ಟುಡಿಯೋದ ಮೌನೇಶನ ಮೇಲೆ ದೂರು ಕೊಟ್ಟ. ಮಗನ ಮದುವೆ ವಿಡಿಯೋದ ಒಂದು ತುಂಡನ್ನು ಬೇಕೆಂದೇ ಕೆಡಿಸಿದ್ದಾನೆ, ಕೂಡಲೇ ಎಫ್‌ಐಆರ್ ಹಾಕಬೇಕು ಎಂದ.

“ಯಾವ ತುಂಡು?” ಇನ್ಸ್‌ಪೆಕ್ಟರ್ ಅಂಜನಕುಮಾರ್ ಕೇಳಿದರು.

“ಸೊಸಿನ್ನ ಮನಿ ತುಂಬಿಸಿಕೊಂಡಿದ್ದು.”

“ಏನೈತಿ ಅದರಾಗ?”

ಬೀರಯ್ಯ ರುಮಾಲು ಬಿಚ್ಚಿ ಮತ್ತೆ ಸುತ್ತಿದ. “ಹೆಣ್ಮಕ್ಕಳು ಹೊಸ್ತಿಲಕ್ಕ ಅಡ್ಡ ನಿಂತು ಸೊಸಿ ಜೋಡಿ ನಮ್ಮಾಕಿ ಕಡಿಂದನೂ ಗಂಡನ ಹೆಸರಿನ ಒಡಪು ಹೇಳಿಸ್ಯಾರ್ರಿ. ನನ್ನ ಹೆಸರು ಹೇಳ್ಯಾಳಂತ. ಮೂವತ್ತು ವರ್ಷದಾಗ ಆಕಿ ಬಾಯಾಗ ನನ್ನ ಹೆಸರು ಕೇಳಿಲ್ಲ. ಅವತ್ತೂ ಹಿತ್ತಲದಾಗ ಅನ್ನದ ಹಂಡೆ ಇಳಸ್ತಿದ್ದೆ. ಊರೆಲ್ಲ ಕೇಳೈತಿ, ನಾ ಒಬ್ನೇ ಕೇಳಿಲ್ಲ ಸಾಬ್!”

ಕಾನ್‌ಸ್ಟೆಬಲ್ ಹುಸೇನಮ್ಮ ಫೈಲಿನ ಹಿಂದೆ ಮುಖ ಮುಚ್ಚಿಕೊಂಡಳು. ಕಳವು, ಹೊಡೆದಾಟ ನೋಡಿ ಬೇಸತ್ತ ಠಾಣೆಗೆ ಇಂಥ ದೂರು ಬರುವುದೇ ಒಂದು ಪುಣ್ಯ. ಅಂಜನಕುಮಾರ್ ಫಿರ್ಯಾದಿಯನ್ನೂ ಹತ್ತಿಸಿಕೊಂಡು ಜೀಪು ತೆಗೆಸಿದರು.

ಸ್ಟುಡಿಯೋದಲ್ಲಿ ಮೌನೇಶ ಅಳುವುದೊಂದೇ ಬಾಕಿ. “ಅದೊಂದು ಫೈಲ್ ಎಡಿಟಿಂಗ್‌ಗೆ ಹಾಕಿದ್ರ ತಗೊಳ್ಳವಲ್ದು ಸರ್. ಸಾಫ್ಟ್‌ವೇರ್ ತೆಗೆದು ಮತ್ತ ಹಾಕಿದೆ. ಬ್ಯಾರೆ ಕಂಪ್ಯೂಟರದಾಗೂ ನೋಡಿದೆ.”

“ಕ್ಯಾಮೆರಾ ಕಾರ್ಡು?”

“ಅದರಾಗ ಮುಂದಿನ ಮದಿವಿ ತೆಗೆದೀನ್ರಿ.”

ಚಹಾದಂಗಡಿಯ ಜಂಬಪ್ಪನನ್ನೂ ಅವನ ಗಿರಾಕಿಯೊಬ್ಬನನ್ನೂ ಪಂಚರಾಗಿ ಕೂರಿಸಿ ಪಂಚನಾಮೆ ಶುರುವಾಯಿತು. ಫೈಲಿನ ಗಾತ್ರ ಉಳಿದವುಗಳಷ್ಟೇ ಇತ್ತು, ಅಂದರೆ ಒಳಗಿನ ಸರಕು ಎಲ್ಲಿಗೂ ಹೋಗಿಲ್ಲ. ತೆರೆಯಲ್ಲಿ ಉಳಿದ ಫೈಲುಗಳ ಗುರುತಾಗಿ ಮದುವೆಯ ಪುಟ್ಟ ಚಿತ್ರ ಕಾಣುತ್ತಿತ್ತು, ಇದಕ್ಕೆ ಮಾತ್ರ ಬಿಳಿ ಹಾಳೆ. ಅಂಜನಕುಮಾರ್ ಫೈಲುಗಳ ಪೂರ್ತಿ ಹೆಸರು ತೋರಿಸುವಂತೆ ಸೆಟ್ಟಿಂಗ್ ಬದಲಿಸಿದರು. ಎಲ್ಲದರ ಕೊನೆಗೂ ಎಂಪಿ4 ಎಂಬ ಬಾಲವಿತ್ತು, ಇದಕ್ಕಿರಲಿಲ್ಲ. ಇದು ವಿಡಿಯೋ ಎಂದು ಸಾಫ್ಟ್‌ವೇರಿಗೆ ಗುರುತು ಸಿಗದೆ ಹೋದದ್ದು ಅದಕ್ಕೇ. ಅವರು ಬಾಲ ಟೈಪ್ ಮಾಡುತ್ತಲೇ ಬಿಳಿ ಹಾಳೆ ಹೋಗಿ ಹೊಸ್ತಿಲು ಕಂಡಿತು.

“ಇದು ತಾನಾಗಿ ಉದುರೋ ಬಾಲ ಅಲ್ಲ. ಕಂಪ್ಯೂಟರಕ್ಕ ಯಾರ್ಯಾರು ಕುಂದ್ರತೀರಿ?”

“ನಾನು, ಮತ್ತ ಎಡಿಟಿಂಗ್ ಮಾಡೋ ಹರಿತಾ.”

ಮೂಲೆಯಲ್ಲಿದ್ದ ಹರಿತಾ ಎದ್ದು ಬೀರಯ್ಯನತ್ತ ನೋಡಿದಳು. “ನಾನೇ ಸರ್. ಇವರ ಮನಿಯಾಕಿ ಮೈಲಮ್ಮ ಬಂದು, ಆ ತುಂಡು ಅಳಿಸು ಅಂತ ಕೈ ಹಿಡಕೊಂಡು ಅತ್ರು. ಅಳಿಸಾಕ ಮನಸಾಗಲಿಲ್ಲ, ಬಾಲ ಕಿತ್ತುಬಿಟ್ಟೆ.”

ಬೀರಯ್ಯನ ಮುಖ ಇಂಗು ತಿಂದ ಮಂಗನಂತಾಯಿತು. ಅಂಜನಕುಮಾರ್ ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಜಪ್ತಿ ಮಾಡಿದರು.

ಮಧ್ಯಾಹ್ನ ಮೂರಕ್ಕೆ ಹುಸೇನಮ್ಮ ಧರೂರಿನ ಬಸ್ಸಿನಲ್ಲಿ ಮೈಲಮ್ಮನನ್ನು ಕರೆತಂದಳು. ಠಾಣೆಯೊಳಗೆ ಬಂದವಳೇ ಮೈಲಮ್ಮ ಎರಡೂ ಕೈ ಚಾಚಿದಳು. “ಬೇಡಿ ಹಾಕ್ರಿ. ಆ ಹುಡುಗಿನ್ನ ಬಿಡ್ರಿ.”

“ಯಾಕ ಮಾಡಿದಿ ಅವ್ವ?” ಅಂಜನಕುಮಾರ್ ಕೇಳಿದರು.

“ಗಂಡನ ಹೆಸರು ಹೇಳಿದ್ರ ಅವರ ಆಯುಷ್ಯ ಕಮ್ಮಿ ಆಗತೈತಿ ಅಂತಾರ್ರಿ. ಮದಿವ್ಯಾಗ ಒಮ್ಮಿ ಹೇಳಿದ್ರ ಮಾಫಿ. ಆದ್ರ ಆ ಟೀವಿ ಡಬ್ಬಿ ಹಚ್ಚಿದಾಗೆಲ್ಲ ನನ್ನ ಬಾಯಿ ಹೇಳತೈತಲ್ರೀ! ಇವರು ದಿನಾ ಹತ್ತು ಸಲ ಹಚ್ಚಿಕೊಂಡು ಕುಂದ್ರೋರು. ಎಷ್ಟು ದಿನ ಉಳೀತಾರ?”

ಬೀರಯ್ಯನ ಕಣ್ಣು ತುಂಬಿತು. ಹುಸೇನಮ್ಮ ಕಾಗದ ಎಳೆದುಕೊಂಡು ಹೇಳಿಕೆ ಬರೆಯತೊಡಗಿದಳು.

“ಹೆಸರು?”

“ಮೈಲಮ್ಮ.”

“ಗಂಡನ ಹೆಸರು?”

“ಅವರೇರಿ, ಅಲ್ಲಿ ಕುಂತಾರಲ್ಲ.”

“ಹಂಗ ಬರಿಯಾಕ ಬರಂಗಿಲ್ಲಬೇ.”

ಬೀರಯ್ಯ ಮೇಜಿನ ಮೇಲಿದ್ದ ಪೆನ್‌ಡ್ರೈವನ್ನು ಇನ್ಸ್‌ಪೆಕ್ಟರರ ಕಡೆಗೆ ಸರಿಸಿದ. “ಇದು ನಿಮ್ಮಲ್ಲೇ ಇರಲಿ ಸಾಬ್. ನಾ ಹಚ್ಚಂಗಿಲ್ಲ, ನಮ್ಮ ದೇವರು ಬೀರಪ್ಪನಾಣಿ.” ಆಮೇಲೆ ಹೆಂಡತಿಯತ್ತ ತಿರುಗಿದ. “ಒಂದು ದಿನ ಕಮ್ಮಿ ಆದ್ರ ಆಗಲಿ, ಹೇಳು.”

ಮೈಲಮ್ಮ ಸೆರಗು ಹೊದ್ದು ಗೋಡೆಗೆ ಮುಖ ಮಾಡಿದಳು.

“ಜೂರಾಲದ ನೀರು ಕಾಲುವಿಗಿ ಚಂದ,
ಕರಿ ಕಂಬಳಿ ಹೆಗಲಿಗಿ ಚಂದ,
ಕೇಸು ಹಾಕಾಕ ಬಂದ ಬೀರಯ್ಯ ನನ್ನ ಮನಿಗಿ ಚಂದ.”

ಠಾಣೆಯೇ ಚಪ್ಪಾಳೆ ತಟ್ಟಿತು. ಬೀರಯ್ಯ ದೂರು ಹಿಂತೆಗೆದುಕೊಂಡ. ಅಂಜನಕುಮಾರ್ ಡೈರಿಯಲ್ಲಿ ಬರೆದರು: ‘ಹಾನಿ ಇಲ್ಲ. ಕಾರಣ, ಗಂಡನ ಆಯುಷ್ಯದ ಚಿಂತೆ. ಆರೋಪಿಯನ್ನು ಫಿರ್ಯಾದಿಯ ವಶಕ್ಕೇ ಒಪ್ಪಿಸಲಾಗಿದೆ.’

ಫಿರ್ಯಾದಿ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. “ಸಾಬ್, ಫ್ಯಾನಿನ ಸಪ್ಪಳದಾಗ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮಿ ಹೇಳಿಸ್ರಿ.”

“ಸುಮ್ನ ನಡೀರಿ,” ಎಂದಳು ಮೈಲಮ್ಮ. “ನೀವು ನನಗ ಇನ್ನೂ ಭಾಳ ದಿನ ಬೇಕಾಗೀರಿ.”